ಬಂಡೆಯಲ್ಲಿ ಬಿರುಕು ಯಾವ ಕಡೆ ಹೋಗುತ್ತದೆ ಅಂತ ಕಂಪ್ಯೂಟರ್ ಹೇಗೆ ಲೆಕ್ಕ ಹಾಕುತ್ತದೆ?

ಕೊಪ್ಪಳ ಜಿಲ್ಲೆಯ ಆನೆಗೊಂದಿ ಕಡೆ ಗ್ರಾನೈಟ್ ಬಂಡೆಗಳ ಅಂಚಲ್ಲಿ ಉಳಿಯಿಂದ ಕೊರೆದ ಗುಳಿಗಳ ಸಾಲು ನೋಡಿರುತ್ತೀರಿ, ಅಲ್ವಾ? ಬೆಣೆ ಹೊಡೆದರೆ ಬಿರುಕು ಗುಳಿಯಿಂದ ಗುಳಿಗೆ ನೆಟ್ಟಗೆ ಓಡುತ್ತದೆ. ಲೆಕ್ಕದ ಮೂಲ ಇಂಗ್ಲೆಂಡಿನ ಎಂಜಿನಿಯರ್ ಗ್ರಿಫಿತ್ ಅವರ 1921ರ ಸೂತ್ರ: ಬಿರುಕು ಬೆಳೆದಾಗ ಬಿಡುಗಡೆಯಾಗುವ ಶಕ್ತಿ, ಹೊಸ ಮೇಲ್ಮೈ ಹುಟ್ಟಲು ಸಾಕಾಗುವಷ್ಟಿದ್ದರೆ ಮಾತ್ರ ಅದು ಮುಂದೆ ಹೋಗುತ್ತದೆ.

ಕಷ್ಟ ಇರುವುದು ದಾರಿ ಹುಡುಕುವುದರಲ್ಲಿ. ಬಂಡೆಯನ್ನು ಸಣ್ಣ ತುಂಡುಗಳ ಜಾಲ ಮಾಡಿ, ತುಂಡುಗಳ ನಡುವೆಯಷ್ಟೇ ಸೀಳಲು ಬಿಟ್ಟರೆ ಬಿರುಕು ಸುಮ್ನೆ ಜಾಲದ ಗೆರೆ ಹಿಡಿದು ಹೋಗುತ್ತದೆ. ಅದಕ್ಕೇ ನನಗೆ ಫೇಸ್ ಫೀಲ್ಡ್ ವಿಧಾನ ಇಷ್ಟ. ಪ್ರತಿ ಬಿಂದುವಿಗೂ ಒಂದು ಸಂಖ್ಯೆ: 0 ಅಂದರೆ ಗಟ್ಟಿ, 1 ಅಂದರೆ ಪೂರ್ತಿ ಸೀಳಿದೆ. ಒಟ್ಟು ಶಕ್ತಿ ಆದಷ್ಟು ಕಡಿಮೆಯಾಗುವಂತೆ ಲೆಕ್ಕ ಬಿಡಿಸಿದರೆ ದಾರಿ, ಕವಲು ಎಲ್ಲ ತಾನಾಗಿ ಹೊರಬರುತ್ತದೆ. ಆದರೆ ಬಿರುಕಿನ ಸುತ್ತ ಜಾಲದ ತುಂಡುಗಳು ತುಂಬಾ ಸಣ್ಣದಾಗಿರಬೇಕು, ಹಾಗಾಗಿ ಸಮಯ ಜಾಸ್ತಿ ಹಿಡಿಯುತ್ತದೆ.