ಮದ್ದು ಬಿಟ್ಟು ಎರಡು ತಿಂಗಳಾಯಿತು

ಈ ವಾರ ಬೇರೊಂದು ಪತ್ರಕ್ಕೆ ಉತ್ತರ ಬರೆಯಲು ಕುಳಿತಿದ್ದೆ. ಕಾಸರಗೋಡಿನ ಮುಳ್ಳೇರಿಯಾ ಕಡೆಯಿಂದ ಬಂದ ಈ ಪತ್ರ ಬಿಡಲಿಲ್ಲ. ಬರೆದವರು 47 ವರ್ಷದ ಅಡಿಕೆ ಕೃಷಿಕರು. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ.

ಎರಡು ವರ್ಷ ಹಾಸಿಗೆ ಹಿಡಿದಿದ್ದ ತಂದೆ ಹೋದ ಮಳೆಗಾಲದ ಕೊನೆಗೆ ತೀರಿಕೊಂಡರು. ಆ ಎರಡು ವರ್ಷವೂ ತೋಟಕ್ಕೆ ಮಹಾಳಿ, ಅಂದರೆ ಅಡಿಕೆಯ ಕೊಳೆರೋಗ. ಸಹಕಾರಿ ಬ್ಯಾಂಕಿನ ಸಾಲದ ಕಂತು ತಪ್ಪಿತು. ಚಳಿಗಾಲದಲ್ಲಿ ಇವರಿಗೆ ಹಾಸಿಗೆಯಿಂದ ಏಳುವುದೇ ಕಷ್ಟವಾಯಿತು. ಕುಂಭ ಮಾಸದಲ್ಲಿ (ಫೆಬ್ರವರಿ–ಮಾರ್ಚ್) ವೈದ್ಯರಿಗೆ ತೋರಿಸಿ ಖಿನ್ನತೆಯ ಮಾತ್ರೆ ಶುರುವಾಯಿತು, ಏಪ್ರಿಲ್ ನಡುವಿನ ಬಿಸು ಹಬ್ಬದ ಹೊತ್ತಿಗೆ ಎಷ್ಟೋ ಹಗುರವಾದರು. ಈಗ ಮತ್ತೆ ಮನಸ್ಸು ಕುಸಿದಿದೆ. ಅವರ ಭಾವ, ಅಂದರೆ ಹೆಂಡತಿಯ ಅಣ್ಣ, ತೋಟಕ್ಕೊಬ್ಬ ಗಿರಾಕಿಯನ್ನು ಕರೆತಂದಿದ್ದಾರೆ. ಎಲ್ಲವನ್ನೂ ಮಾರಿ ಮಂಗಳೂರಿಗೆ ಬಂದು ತನ್ನ ಅಂಗಡಿಯ ಲೆಕ್ಕ ಬರೆದುಕೊಂಡಿರಲಿ ಎನ್ನುವುದು ಭಾವನ ಸಲಹೆ. ಮಾರಲೇ, ಬೇಡವೇ? ಇದು ಪ್ರಶ್ನೆ.

ನಾಲ್ಕು ಪುಟದ ಪತ್ರದಲ್ಲಿ ಮೂರು ಪುಟ ತೋಟದ್ದು, ಸಾಲದ್ದು. ಕೊನೆಯ ಪುಟದಲ್ಲಿ, ಮಗಳ ಶಾಲೆಯ ವಿಷಯ ಮತ್ತು ಬಾವಿಯ ಪಂಪಿನ ವಿಷಯದ ನಡುವೆ, ಒಂದು ಸಾಲು ಇದೆ: ‘ಮದ್ದು ಬಿಟ್ಟು ಎರಡು ತಿಂಗಳಾಯಿತು.’ ಮೊದಲ ಸಲ ಓದಿದಾಗ ತೋಟಕ್ಕೆ ಬೋರ್ಡೋ (ಮೈಲುತುತ್ತು, ಸುಣ್ಣ ಕಲಸಿದ ದ್ರಾವಣ) ಹೊಡೆದ ಮಾತು ಎಂದುಕೊಂಡೆ. ನಮ್ಮ ಕಡೆ ಅದಕ್ಕೂ ಮದ್ದು ಬಿಡುವುದು ಎಂದೇ ಹೇಳುತ್ತೇವೆ, ಕಾಲವೂ ಮಳೆಗಾಲ. ಮತ್ತೊಮ್ಮೆ ಓದಿದಾಗ ಎದೆ ಧಸಕ್ಕೆಂದಿತು. ಅವರು ಹೇಳಿದ್ದು ಮಾತ್ರೆಯ ವಿಷಯ. ಹುಷಾರಾಗಿದ್ದೇನಲ್ಲ ಎಂದು, ಭಾವನ ಮಾತು ಕೇಳಿ, ವೈದ್ಯರಿಗೆ ಹೇಳದೆ ನಿಲ್ಲಿಸಿಬಿಟ್ಟಿದ್ದಾರೆ.

ನಿಮ್ಮ ಪತ್ರದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಈ ಒಂದು ಸಾಲು. ಗಿರಾಕಿ, ಅಂಗಡಿ, ಸಾಲ ಎಲ್ಲವೂ ಇದರ ಆಮೇಲೆ.

ನೀವೇ ಬರೆದಿದ್ದೀರಿ: ಮುಂಜಾನೆ ಮೂರೂವರೆಗೆ ಎಚ್ಚರವಾಗುತ್ತದೆ, ಕತ್ತಲಲ್ಲಿ ಮಲಗಿಕೊಂಡು ಹಸಿ ಅಡಿಕೆ ಉದುರುವ ಸದ್ದನ್ನು ಎಣಿಸುತ್ತೀರಿ, ಎಣಿಕೆ ತಪ್ಪಿದರೆ ಮತ್ತೆ ಒಂದರಿಂದ ಶುರು. ಬೆಳಿಗ್ಗೆ ಮೈಯೆಲ್ಲ ಕಬ್ಬಿಣ, ಸಂಜೆಗೆ ಸ್ವಲ್ಪ ವಾಸಿ. ಊಟ ರುಚಿಸುವುದಿಲ್ಲ. ಆದದ್ದೆಲ್ಲವೂ ನಿಮ್ಮದೇ ತಪ್ಪು ಎನಿಸುತ್ತದೆ. ಇದು ಕೆಲವು ವಾರಗಳಿಂದ ದಿನವೂ ಹೀಗೆಯೇ ಇದೆ. ಬೆಳಕು ಹರಿಯುವ ಮೊದಲೇ ಎಚ್ಚರವಾಗುವುದು, ಬೆಳಗಿನ ಹೊತ್ತು ಅತಿ ಭಾರವಾಗಿರುವುದು ಖಿನ್ನತೆಯ ಗುರುತುಗಳೆಂದು ವೈದ್ಯರು ಬಲ್ಲರು. ದುಃಖದಲ್ಲಿರುವ ಮನುಷ್ಯ ಮಗಳ ಮಾತಿಗೆ ಒಮ್ಮೆಯಾದರೂ ನಗುತ್ತಾನೆ. ನೀವು ನಕ್ಕು ಎಷ್ಟು ದಿನವಾಯಿತು ಎಂದು ನಿಮ್ಮ ಮನೆಯವರನ್ನು, ಹೆಂಡತಿಯನ್ನು, ಕೇಳಿ. ಹಾಲಿನ ಸೊಸೈಟಿಗೂ ಕೊಟ್ಟಿಗೆಗೂ ಓಡಾಡಿಕೊಂಡು ‘ಏನೂ ಹೇಳುವುದಿಲ್ಲ’ ಎಂದು ನೀವು ಬರೆದಿದ್ದೀರಲ್ಲ, ಅವರು ಲೆಕ್ಕ ಇಟ್ಟಿರುತ್ತಾರೆ.

ಭಾವನ ಬಗ್ಗೆ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ‘ಅಪ್ಪ ಹೋದರೆ, ಬೆಳೆ ಹೋದರೆ ಯಾರಿಗಾದರೂ ಬೇಜಾರಾಗುತ್ತದೆ, ಅದಕ್ಕೆ ಮಾತ್ರೆ ಯಾಕೆ? ಉದಾಸೀನ ಬಿಟ್ಟು ಎದ್ದರೆ ಸರಿಯಾಗುತ್ತದೆ’ ಎಂದರಂತೆ. ನಮ್ಮ ಊರುಗಳಲ್ಲಿ ಉದಾಸೀನ ಎಂದರೆ ಸೋಮಾರಿತನ. ಆ ಒಂದು ಶಬ್ದದಿಂದ ಎಷ್ಟು ಮನೆಗಳಲ್ಲಿ ಎಷ್ಟು ಜನರ ಬಾಯಿ ಮುಚ್ಚಿಸಿದ್ದೇವೆ! ಕಾರಣ ಕಣ್ಣಿಗೆ ಕಾಣುತ್ತದೆ ಎಂದಮಾತ್ರಕ್ಕೆ ರೋಗ ರೋಗವಲ್ಲದೆ ಹೋಗುವುದಿಲ್ಲ. ಮಹಾಳಿ ಮಳೆಗೇ ಬರುತ್ತದೆ, ಎಲ್ಲರಿಗೂ ಗೊತ್ತು. ಮಳೆಯಿಂದ ಬಂದದ್ದಲ್ಲವೇ, ಬಿಡು ಎಂದು ಭಾವ ಯಾವತ್ತಾದರೂ ನಿಮ್ಮ ತೋಟದ ಬೋರ್ಡೋ ನಿಲ್ಲಿಸಿದ್ದುಂಟೇ?

ಮಳೆ ಹಿಡಿಯುವ ಮೊದಲು ಶೇಕಡಾ 1ರ ಬೋರ್ಡೋ ದ್ರಾವಣ ಒಂದು ಸಲ, 40–45 ದಿನ ಕಳೆದು ಇನ್ನೊಂದು ಸಲ. ಮೈಲುತುತ್ತಿನ ಈ ಲೆಕ್ಕವನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಮೊದಲ ಸಲ ಹೊಡೆದ ಮೇಲೆ ಗೊನೆ ಚೆನ್ನಾಗಿದೆ ಎಂದು ಎರಡನೆಯದನ್ನು ಬಿಟ್ಟವನ ತೋಟದ ಗತಿಯೂ ನಿಮಗೆ ಗೊತ್ತು. ಖಿನ್ನತೆಯ ಮಾತ್ರೆ ಕೆಲಸ ತೋರಿಸಲು ಎರಡರಿಂದ ನಾಲ್ಕು ವಾರ, ಕೆಲವರಿಗೆ ಅದಕ್ಕಿಂತ ಹೆಚ್ಚು ಬೇಕು. ಹುಷಾರಾದ ಮೇಲೆಯೂ ಕಡಿಮೆಯೆಂದರೆ ಆರು ತಿಂಗಳು ಮುಂದುವರಿಸಬೇಕು. ಬಿಸುವಿಗೆ ಹಗುರವಾದವರು ದೀಪಾವಳಿಯವರೆಗಾದರೂ ನುಂಗಬೇಕಿತ್ತು, ಆಮೇಲೆ ವೈದ್ಯರು ಹೇಳಿದಂತೆ ಮೆಲ್ಲಮೆಲ್ಲನೆ ಇಳಿಸಬೇಕಿತ್ತು. ನೀವು ಮಳೆಗಾಲದ ಬಾಗಿಲಲ್ಲಿ ಬಿಟ್ಟಿರಿ.

‘ಅಭ್ಯಾಸವಾಗಿಬಿಡುತ್ತದೆ’ ಎಂಬ ಹೆದರಿಕೆಗೂ ಒಂದು ಮಾತು. ಖಿನ್ನತೆಯ ಮಾತ್ರೆಗಳು ಹೆಂಡದ ಹಾಗೆ ಚಟ ಹಿಡಿಸುವುದಿಲ್ಲ. ಒಮ್ಮೆಲೇ ನಿಲ್ಲಿಸಿದರೆ ತಲೆತಿರುಗು, ಕಿರಿಕಿರಿ, ನಿದ್ದೆಗೇಡು ಆಗಬಹುದು, ಅದಕ್ಕಾಗಿಯೇ ಇಳಿಸುವ ಕ್ರಮ ಇರುವುದು. ಅಭ್ಯಾಸವಾಗಬಹುದಾದದ್ದು ಕೆಲವು ನಿದ್ದೆ ಮಾತ್ರೆಗಳು, ಅವನ್ನು ವೈದ್ಯರು ಸ್ವಲ್ಪ ದಿನಕ್ಕೆ ಮಾತ್ರ ಕೊಡುತ್ತಾರೆ. ನಿಮ್ಮ ಚೀಟಿಯಲ್ಲಿ ಯಾವುದು ಏನು ಎಂದು ಕೇಳಿ ತಿಳಿದುಕೊಳ್ಳಿ, ಕೇಳುವುದು ನಿಮ್ಮ ಹಕ್ಕು.

ಈಗ ನಾನು ಪದೇಪದೇ ಬರೆಯುವ ಮಾತಿಗೆ ಬರುತ್ತೇನೆ, ಹಳೆಯ ಓದುಗರು ಸಹಿಸಬೇಕು. ವೈದ್ಯರಿಗೆ ಕನ್ನಡ ಬಾರದು, ನಿಮ್ಮ ಮಲಯಾಳಂ ಪೇಟೆಯ ವ್ಯವಹಾರಕ್ಕಷ್ಟೇ ಸಾಕು. ಆದ್ದರಿಂದ ‘ಉರಕ್ಕಮಿಲ್ಲ, ವಿಶಪ್ಪಿಲ್ಲ’ ಎಂದಷ್ಟೇ ಹೇಳಿ ಬಂದಿರಿ. ನಿದ್ದೆಯಿಲ್ಲ, ಹಸಿವಿಲ್ಲ. ಉದುರುವ ಅಡಿಕೆ ಎಣಿಸುವ ವಿಷಯ ಹೇಳಲಿಲ್ಲ. ಅಪ್ಪನ ಕೊನೆಯ ರಾತ್ರಿ ನೀವು ಬ್ಯಾಂಕಿನಿಂದ ಬಂದ ಕಾಗದ ಹಿಡಿದು ಕುಳಿತಿದ್ದ ವಿಷಯ ಹೇಳಲಿಲ್ಲ. ಅಷ್ಟನ್ನೇ ಕೇಳಿ ಸರಿಯಾದ ಮದ್ದು ಕೊಟ್ಟ ಆ ವೈದ್ಯರಿಗೆ ನಮಸ್ಕಾರ. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ಇಂದಿನವರೆಗೆ ಇಲ್ಲಿನ ಕನ್ನಡಿಗರಾದ ನಾವು ಶಾಲೆಗಾಗಿ, ಅರ್ಜಿ ನಮೂನೆಗಾಗಿ, ಬಸ್ಸಿನ ಬೋರ್ಡಿಗಾಗಿ ಕನ್ನಡ ಕೇಳುತ್ತಲೇ ಬಂದಿದ್ದೇವೆ. ಸಂಕಟವನ್ನು ಹೇಳಿಕೊಳ್ಳುವ ಕೋಣೆಯಲ್ಲಿ ಕನ್ನಡ ಬೇಕೆಂದು ಕೇಳಿದ್ದು ನನಗೆ ನೆನಪಿಲ್ಲ. ಬೇಡಿಕೆಗಳ ಪಟ್ಟಿಯಲ್ಲಿ ಅದು ಮೊದಲು ಬರಬೇಕು.

ಆದ್ದರಿಂದ ನೀವು ಮಾಡಬೇಕಾದದ್ದು ಇಷ್ಟೇ: ಸೋಮವಾರ ನಿಮ್ಮ ಮನೆಯವರನ್ನು ಕರೆದುಕೊಂಡು ಅದೇ ವೈದ್ಯರ ಬಳಿಗೆ ಹೋಗಿ. ನನಗೆ ಬರೆದ ನಾಲ್ಕು ಪುಟದಲ್ಲಿ ತೋಟದ ಮೂರು ಪುಟ ತೆಗೆದು, ನಿಮ್ಮ ವಿಷಯವನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದುಕೊಳ್ಳಿ. ಮದ್ದು ನಿಲ್ಲಿಸಿದ್ದನ್ನು ಮೊದಲ ಸಾಲಿನಲ್ಲಿ ಬರೆಯಿರಿ. ಬಯ್ಗುಳ ಸಿಗಬಹುದು ಎಂದು ಸಂಕೋಚಪಡಬೇಡಿ, ಹೀಗೆ ಮಧ್ಯದಲ್ಲಿ ಬಿಟ್ಟವರನ್ನು ಅವರು ದಿನವೂ ನೋಡುತ್ತಾರೆ. ಕನ್ನಡ ಬಲ್ಲ ನರ್ಸನ್ನೋ ಸಿಬ್ಬಂದಿಯನ್ನೋ ಕರೆಯಿರಿ ಎಂದು ಧೈರ್ಯವಾಗಿ ಕೇಳಿ. ಒಂಬತ್ತನೇ ತರಗತಿಯ ಮಗಳಿಗೆ ಮಲಯಾಳಂ ಚೆನ್ನಾಗಿ ಬರುತ್ತದೆ ಎಂದು ಅವಳನ್ನು ದುಭಾಷಿ ಮಾಡಬೇಡಿ. ಅಪ್ಪನ ಮಾತನ್ನು ಬೇರೆ ಭಾಷೆಗೆ ತಿರುಗಿಸುತ್ತಾ ಅವಳು ಏನೇನು ಹೊರಬೇಕಾದೀತು, ಯೋಚಿಸಿ. ಥೈರಾಯ್ಡ್ ಮತ್ತು ರಕ್ತದ ಪರೀಕ್ಷೆ ಬೇಕೇ ಎಂದೂ ವಿಚಾರಿಸಿ, ಥೈರಾಯ್ಡ್ ಕಡಿಮೆಯಾದರೂ ಮನಸ್ಸು ಹೀಗೆ ಮಂಕಾಗುತ್ತದೆ. ದುಡ್ಡಿನ ಚಿಂತೆಯಿದ್ದರೆ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರು ಹತ್ತಿರದ ಸರಕಾರಿ ಆಸ್ಪತ್ರೆಗೆ ಯಾವ ದಿನ ಬರುತ್ತಾರೆ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ.

ಸೋಮವಾರದ ಒಳಗೆ, ಮೂರೂವರೆಯ ಕತ್ತಲಲ್ಲಿ, ಬದುಕಿ ಏನು ಪ್ರಯೋಜನ ಎಂಬ ಯೋಚನೆ ಬಂದರೆ ಬೆಳಗಾಗಲಿ ಎಂದು ಕಾಯಬೇಡಿ. ಮನೆಯವರನ್ನು ಎಬ್ಬಿಸಿ. 14416ಕ್ಕೆ ಕರೆ ಮಾಡಿ. ಅದು 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ. ಹಗಲೂ ರಾತ್ರಿಯೂ ಇರುತ್ತದೆ, ಹಣ ಕೊಡಬೇಕಾಗಿಲ್ಲ, ಭಾಷೆಯನ್ನು ನೀವೇ ಆರಿಸಿಕೊಳ್ಳಬಹುದು, ಕನ್ನಡವೂ ಇದೆ. ತೋಟದ ಮದ್ದು ಇಡುವ ಕೋಣೆಯ ಬೀಗದ ಕೈ ಇವತ್ತೇ ನಿಮ್ಮ ಮನೆಯವರ ಸೊಂಟಕ್ಕೆ ಹೋಗಲಿ.

ತೋಟದ ಪ್ರಶ್ನೆಗೆ ಉತ್ತರ ಕೊಡಲಿಲ್ಲ ಎನ್ನುವಿರಿ. ಮನಸ್ಸು ಕಾಯಿಲೆಯಲ್ಲಿರುವಾಗ ಮಾಡಿದ ರುಜುವಿಗೆ ಆಮೇಲೆ ಮರುಗಿದವರ ಪತ್ರಗಳು ನನ್ನ ಬಳಿ ಒಂದು ಕಟ್ಟು ಇವೆ. ನಿದ್ದೆ ಮರಳಿ, ಊಟ ರುಚಿಸಿ, ಎರಡು ತಿಂಗಳು ಕಳೆದ ಮೇಲೂ ಮಾರಬೇಕೆನಿಸಿದರೆ ಮಾರಿ, ನನ್ನ ತಕರಾರಿಲ್ಲ. ಅಲ್ಲಿಯವರೆಗೆ ಮುಂಗಡ ಹಣ ಮುಟ್ಟಬೇಡಿ. ಗಿರಾಕಿ ಅವಸರ ಮಾಡಿದರೆ ಭಾವನೇ ಹೇಳಿ ಕಳುಹಿಸಲಿ.

ಹೋಗಿ ಬಂದ ಮೇಲೆ ನನಗೊಂದು ಕಾರ್ಡು ಹಾಕಿ. ಆ ಹಾಳೆಯನ್ನು ವೈದ್ಯರ ಎದುರು ಓದಿದ್ದು ನೀವೋ ನಿಮ್ಮ ಮನೆಯವರೋ, ಅಷ್ಟನ್ನು ತಿಳಿಸಿದರೆ ಸಾಕು.