ಎಕರೆಗೆ 30 ಸಾವಿರ, 30 ವರ್ಷದ ಲೀಸ್: ಸಹಿ ಹಾಕಲೇ?

ಪ್ರಶ್ನೆ: ನಮ್ಮದು ಚಳ್ಳಕೆರೆ ತಾಲೂಕು. ಮಾವನವರ ಹೆಸರಿನಲ್ಲಿ 11 ಎಕರೆ 20 ಗುಂಟೆ ಇದೆ. ಅದರಲ್ಲಿ 3 ಎಕರೆ ದರಖಾಸ್ತಿನಲ್ಲಿ, ಅಂದರೆ ಸರ್ಕಾರದಿಂದ ಮಂಜೂರಾಗಿ ಬಂದದ್ದು. ಮಾವ ತೀರಿಕೊಂಡು ಆರು ವರ್ಷ, ನಮ್ಮ ಯಜಮಾನರು ಹೋಗಿ ಮೂರು ವರ್ಷ. ನಾನು, ಮೈದುನ ಸೇರಿ ಶೇಂಗಾ, ತೊಗರಿ ಹಾಕುತ್ತೇವೆ. ಬೋರ್ ನಿಂತುಹೋಗಿದೆ. ಸೋಲಾರ್ ಕಂಪನಿ ಕಡೆಯವರು ಅಂತ ಒಬ್ಬರು ಬಂದು, ಎಕರೆಗೆ ವರ್ಷಕ್ಕೆ 30,000, ಮೂರು ವರ್ಷಕ್ಕೊಮ್ಮೆ ಶೇ 5 ಏರಿಕೆ, 30 ವರ್ಷದ ಲೀಸ್ ಅಂದಿದ್ದಾರೆ. ಸದ್ಯಕ್ಕೆ ಎಕರೆಗೆ 5,000 ಅಡ್ವಾನ್ಸ್ ಕೊಟ್ಟು ಒಂದು ಪತ್ರಕ್ಕೆ ಸಹಿ ಕೇಳುತ್ತಿದ್ದಾರೆ. ಊರಿಗೆ ಹತ್ತಿರದ ತುಂಡಿನಲ್ಲಿ ಬ್ಯಾಟರಿ ಕಂಟೇನರ್ ಇಡುತ್ತಾರಂತೆ. ಮೈದುನ ಒಪ್ಪಿದ್ದಾನೆ. ನಾದಿನಿಯರು ಇಬ್ಬರಿಗೂ ಇನ್ನೂ ಹೇಳಿಲ್ಲ. ನನಗೆ ಭಯ ಆಗುತ್ತಿದೆ. ಏನು ಮಾಡಲಿ?
– ಹೆಸರು ಬೇಡ ಎಂದಿರುವ ಓದುಗರು

ಉತ್ತರ: ತಾಯಿ, ಆ ಪತ್ರಕ್ಕೆ ಈಗಲೇ ಸಹಿ ಹಾಕಬೇಡಿ. ಯೋಜನೆಯೇ ಬೇಡ ಅಂತ ನಾನು ಹೇಳುತ್ತಿಲ್ಲ. 31 ವರ್ಷ ಸಬ್‌ಸ್ಟೇಷನ್‌ಗಳಲ್ಲಿ ದುಡಿದವನು ನಾನು, ಬಿಸಿಲಿನ ಕರೆಂಟು ಇನ್ನೂ ಬರಲಿ ಅಂತ ಮನಸಾರೆ ಬಯಸುವವನು. ಇವತ್ತು ಪಂಪ್‌ಸೆಟ್ಟಿಗೆ ಹಗಲು ಹೊತ್ತು ತ್ರೀ ಫೇಸ್ ಕೊಡಲು ಆಗುತ್ತಿದ್ದರೆ ಅದರಲ್ಲಿ ಸೋಲಾರ್ ಪಾಲು ದೊಡ್ಡದು. ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡಿದು ಮೋಟರ್ ಹಾಕಲು ಹೋದವರಿಗೆ ಅದರ ಬೆಲೆ ಗೊತ್ತು. ನನ್ನ ಆತಂಕ ಇರುವುದು ಆ ಮೊದಲ ಪತ್ರದ ಬಗ್ಗೆ. ಅಡ್ವಾನ್ಸ್ ರಸೀದಿ ಅಂತ ಹೇಳಿರುತ್ತಾರೆ, ಒಳಗೆ ಬರೆದಿರುವುದು ಬೇರೆಯೇ ಇರುತ್ತದೆ.

ನನ್ನ ಚಿಕ್ಕಪ್ಪನ ಮಗ ಹಿರಿಯೂರು ಕಡೆ ಇದ್ದಾನೆ. 2016ರಲ್ಲಿ ಇಂಥದ್ದೇ ಪತ್ರಕ್ಕೆ ಸಹಿ ಹಾಕಿದ. ಎರಡು ವರ್ಷದ ಮೇಲೆ ಟ್ರಂಕಿನಿಂದ ತೆಗೆದು ನನ್ನ ಕೈಗೆ ಕೊಟ್ಟಾಗ ಶೇಂಗಾ ಬೀಜದ ವಾಸನೆ ಹೊಡೆಯುತ್ತಿತ್ತು. ಛಾಪಾ ಕಾಗದ, ಹಿಂದೆ ಆರು ಬಿಳಿ ಹಾಳೆ. ಸರ್ವೆ ನಂಬರ್ ಟೈಪ್ ಆಗಿತ್ತು, ವಿಸ್ತೀರ್ಣದ ಜಾಗದಲ್ಲಿ ಬರೀ ಚುಕ್ಕಿ, ಚುಕ್ಕಿಯ ಮೇಲೆ ಯಾರೋ ಬೇರೆ ಶಾಯಿಯಲ್ಲಿ ಎಕರೆ ತುಂಬಿದ್ದರು. ನಾಲ್ಕನೇ ಹಾಳೆಯಲ್ಲಿ ಹೀಗಿತ್ತು: ಮೂರು ವರ್ಷದೊಳಗೆ ಕಂಪನಿ ಇಷ್ಟಪಟ್ಟಾಗ ಲೀಸ್ ಮಾಡಿಕೊಡತಕ್ಕದ್ದು, ಕಂಪನಿ ಬಯಸಿದರೆ ಇನ್ನೆರಡು ವರ್ಷ ಮುಂದುವರಿಯತಕ್ಕದ್ದು, ಅಲ್ಲಿಯವರೆಗೆ ಮಾರಕೂಡದು, ಬೋರ್ ಕೊರೆಸಕೂಡದು, ತೋಟ ಮಾಡಕೂಡದು. ಕಂಪನಿ ಬರಲೇ ಇಲ್ಲ. ಮಗಳ ಮದುವೆಗೆ ಎರಡು ಎಕರೆ ಮಾರಲು ಹೊರಟರೆ ಕೊಳ್ಳುವವನು ಆ ಪತ್ರದ ಸುದ್ದಿ ಕೇಳಿ ಹಿಂದೆ ಸರಿದ. ದಾಳಿಂಬೆ ಹಾಕಬೇಕೆಂದಿದ್ದವನು ಐದು ವರ್ಷ ಬರೀ ತೊಗರಿ ಬಿತ್ತಿದ. ಇವತ್ತಿಗೂ ಅದನ್ನು ನೆನೆದರೆ ನನ್ನ ಹೊಟ್ಟೆ ಉರಿಯುತ್ತದೆ.

ಆದ್ದರಿಂದ ಪತ್ರದ ಜೆರಾಕ್ಸ್ ಕೇಳಿ ಪಡೆಯಿರಿ. ಕೊಡಲು ಒಪ್ಪದಿದ್ದರೆ ಮಾತುಕತೆ ಅಲ್ಲಿಗೇ ನಿಲ್ಲಿಸಿ. ಕೊಟ್ಟರೆ ತಾಲೂಕಿನಲ್ಲಿ ಜಮೀನು ಕೇಸು ನಡೆಸುವ ವಕೀಲರಿಗೆ ತೋರಿಸಿ. ಕನ್ನಡದಲ್ಲಿ ಇಲ್ಲದ ಹಾಳೆಗೆ ಸಹಿ ಬೇಡವೇ ಬೇಡ.

ಇನ್ನು ಮನೆ ಒಳಗಿನ ವಿಷಯ. ಪಹಣಿ ಇನ್ನೂ ಮಾವನವರ ಹೆಸರಲ್ಲಿದೆ ಅಂದರೆ ಪೌತಿ ಖಾತೆ ಆಗಿಲ್ಲ, ತೀರಿಕೊಂಡವರ ಜಮೀನು ವಾರಸುದಾರರ ಹೆಸರಿಗೆ ಬಂದಿಲ್ಲ. ಮೊದಲು ಅದು ಆಗಲಿ. ನಿಮ್ಮ ಯಜಮಾನರ ಪಾಲಿಗೆ ನೀವೂ ಮಕ್ಕಳೂ ವಾರಸುದಾರರು, ಮೈದುನ ಒಬ್ಬನ ಸಹಿಯಿಂದ ಆ ಪಾಲು ಲೀಸಿಗೆ ಹೋಗಲಾರದು. ನಾದಿನಿಯರನ್ನೂ ಬಿಡುವಂತಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಸಮಪಾಲು ಇದೆ. ಅವರಿಗೆ ಹೇಳದೆ ಮುಂದುವರಿದರೆ ಬಾಡಿಗೆ ಬರುವ ಮುಂಚೆ ಕೋರ್ಟ್ ನೋಟಿಸ್ ಬರುತ್ತದೆ. ಹಬ್ಬಕ್ಕೆ ಬಂದಾಗ ಕೂರಿಸಿಕೊಂಡು ಎಲ್ಲಾ ಹೇಳಿಬಿಡಿ. ದರಖಾಸ್ತಿನ 3 ಎಕರೆಯ ಮಂಜೂರಾತಿ ಆದೇಶ ಹುಡುಕಿ, ಅದರಲ್ಲಿ ಪರಭಾರೆ ಮಾಡಕೂಡದು, ಅಂದರೆ ಬೇರೆಯವರಿಗೆ ವಹಿಸಿಕೊಡಕೂಡದು ಎಂಬ ಷರತ್ತು ಇದೆಯೇ ನೋಡಿ. ನಿಮ್ಮ ಮನೆತನ ಪರಿಶಿಷ್ಟ ಜಾತಿ ಅಥವಾ ಪಂಗಡಕ್ಕೆ ಸೇರಿದ್ದರೆ ಅವರಿಗೆ ಮಂಜೂರಾದ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಆ 3 ಎಕರೆಗೆ ಅನ್ವಯಿಸುತ್ತದೆ. ಆ ಕಾಯ್ದೆಯಲ್ಲಿ ಲೀಸ್ ಕೂಡ ಪರಭಾರೆಯೇ, ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾಡಿದ್ದು ನಿಲ್ಲುವುದಿಲ್ಲ.

ದುಡ್ಡಿನ ಲೆಕ್ಕ ನಾನೇ ಹಾಕಿ ನೋಡಿದೆ. ಮೂರು ವರ್ಷಕ್ಕೆ ಶೇ 5 ಏರಿದರೆ 28ನೇ ವರ್ಷ ನಿಮಗೆ ಬರುವುದು ಎಕರೆಗೆ ಸುಮಾರು 46,500 ರೂಪಾಯಿ. ಬೆಲೆಗಳು ವರ್ಷಕ್ಕೆ ಶೇ 5ರಂತೆ ಏರುತ್ತಾ ಹೋದರೆ, ಇವತ್ತು 30,000ಕ್ಕೆ ಸಿಗುವ ಸಾಮಾನಿಗೆ ಆಗ 1 ಲಕ್ಷ 12 ಸಾವಿರ ಬೇಕು. ಮೊದಲ ವರ್ಷದ ಮೊತ್ತ ನೋಡಿ ಹಿಗ್ಗುವುದಕ್ಕಿಂತ ಏರಿಕೆಗಾಗಿ ಜಗ್ಗಾಡಿ. ಪಾವಗಡದಲ್ಲಿ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಪಾರ್ಕ್ ಎದ್ದಿತಲ್ಲ, ಅಲ್ಲಿ ಶುರುವಾದದ್ದು ಎಕರೆಗೆ 21,000, ಎರಡು ವರ್ಷಕ್ಕೊಮ್ಮೆ ಶೇ 5. ಅಂದರೆ ನಿಮಗೆ ಹೇಳಿರುವ ಏರಿಕೆ ಅದಕ್ಕಿಂತ ಕಡಿಮೆ. ಇನ್ನೊಂದು ದೊಡ್ಡ ವ್ಯತ್ಯಾಸವಿದೆ: ಪಾವಗಡದಲ್ಲಿ ರೈತರಿಂದ ಲೀಸ್ ಪಡೆದದ್ದು ಸರ್ಕಾರಿ ಸಂಸ್ಥೆ, 2015ರಲ್ಲಿ ಇದಕ್ಕೆಂದೇ ಹುಟ್ಟಿದ ಕೆಎಸ್‌ಪಿಡಿಸಿಎಲ್. ಪ್ಯಾನೆಲ್ ಹಾಕಿದ ಕಂಪನಿ ಬದಲಾದರೂ ಬಾಡಿಗೆ ಕೇಳಲು ಒಂದು ಕಚೇರಿ ಇದೆ. ನಿಮ್ಮ ಹತ್ತಿರ ಬಂದಿರುವುದು ಖಾಸಗಿಯವರು, ಅವರು ಯೋಜನೆಯನ್ನು ಇನ್ನೊಬ್ಬರಿಗೆ ಮಾರಬಹುದು. ಹಾಗೆ ಮಾರಿದರೆ ಕರಾರಿನ ಪ್ರತಿ ಷರತ್ತೂ ಹೊಸಬರ ಮೇಲೆ ಬೀಳಬೇಕು ಎಂದು ಬರೆಸಿ. ಬಾಡಿಗೆ ನೋಂದಣಿ ದಿನದಿಂದಲೇ ಶುರುವಾಗಲಿ, ಕರೆಂಟು ಹರಿದ ದಿನದಿಂದ ಅಂದರೆ ಒಪ್ಪಬೇಡಿ. ಈ ಬಾಡಿಗೆ ಕೃಷಿ ಆದಾಯದ ಲೆಕ್ಕಕ್ಕೆ ಬರುವುದಿಲ್ಲ ಎಂಬುದೂ ತಿಳಿದಿರಲಿ.

ಕಂಪನಿ ಬ್ಯಾಂಕಿನಲ್ಲಿ ಸಾಲ ಎತ್ತುತ್ತದೆ, ಅದು ಸಹಜ. ಅಡ ಇಡುವುದಾದರೆ ತನ್ನ ಲೀಸ್ ಹಕ್ಕನ್ನು ಮಾತ್ರ ಇಡಬೇಕು, ನಿಮ್ಮ ಭೂಮಿಯನ್ನಲ್ಲ. ಸಾಲ, ಋಣ ಬರೆಯುವ ಪಹಣಿಯ 11ನೇ ಕಾಲಂನಲ್ಲಿ ಏನು ನಮೂದಾಗಿದೆ ಎಂದು ವರ್ಷಕ್ಕೊಮ್ಮೆ ತೆಗೆಸಿ ನೋಡುತ್ತಿರಿ.

ಹೊಲ ವಾಪಸು ಬರುವ ದಿನದ ಬಗ್ಗೆ ಯಾರೂ ಮಾತಾಡುವುದಿಲ್ಲ. ಪ್ಯಾನೆಲ್ ನಿಲ್ಲಿಸಲು ಜೆಸಿಬಿ ಬಂದು ಬದು ಕಿತ್ತು ನೆಲ ಸಮ ಮಾಡಿದರೆ ಯಾರ ಹೊಲ ಎಲ್ಲಿ ಮುಗಿಯಿತು ಎಂಬ ಗುರುತೇ ಉಳಿಯದು. ಕೆಲಸ ಶುರುವಾಗುವ ಮುಂಚೆಯೇ ಹದ್ದುಬಸ್ತು (ಗಡಿ ಅಳೆದು ಗುರುತಿಸುವುದು), ಪೋಡಿ (ಪಾಲನ್ನು ಅಳೆದು ಬೇರ್ಪಡಿಸುವುದು) ಮಾಡಿಸಿ, ನಕ್ಷೆ ಕರಾರಿಗೆ ಲಗತ್ತಿಸಿ. ಅವಧಿ ಮುಗಿದಾಗ ಕಂಬ, ಕಾಂಕ್ರೀಟ್, ಕೇಬಲ್ ಎಲ್ಲಾ ಕಿತ್ತು ಒಯ್ಯುವ ಹೊಣೆ ಕಂಪನಿಯದು, ಅದಕ್ಕೆ ಬ್ಯಾಂಕ್ ಗ್ಯಾರಂಟಿ ಇರಲಿ. ಬರೀ ಮಾತಿನ ಭರವಸೆ 30 ವರ್ಷ ಬಾಳುವುದಿಲ್ಲ.

ಬ್ಯಾಟರಿ ಭಯಕ್ಕೆ ಬರುತ್ತೇನೆ. ಸೂರ್ಯ ಆರೂವರೆಗೆ ಮುಳುಗುತ್ತಾನೆ, ಊರುಗಳು ಹೆಚ್ಚು ಕರೆಂಟು ಕೇಳುವುದು ಏಳರಿಂದ ಹತ್ತರವರೆಗೆ. ಸಂಜೆ ಏಳಕ್ಕೆ ಮೀಟರಿನ ಮುಳ್ಳು ಏರುವುದನ್ನು ನೋಡುತ್ತಾ ಕಂಟ್ರೋಲ್ ರೂಮಿನಲ್ಲಿ ಕೂತವನಿಗೆ ಮಧ್ಯಾಹ್ನದ ಬಿಸಿಲನ್ನು ಹಿಡಿದಿಡಬೇಕು ಅನ್ನಿಸದೆ ಇರದು. ಆ ಕೆಲಸ ಈ ಕಂಟೇನರ್‌ಗಳದ್ದು. ಹೊಸ ಸೋಲಾರ್ ಯೋಜನೆಗಳು ತಮ್ಮ ಸಾಮರ್ಥ್ಯದ ಕನಿಷ್ಠ ಶೇ 10ರಷ್ಟಕ್ಕೆ ಎರಡು ಗಂಟೆಯ ಸಂಗ್ರಹ ಜೊತೆಗಿಡಬೇಕೆಂದು ಕೇಂದ್ರ ವಿದ್ಯುತ್ ಪ್ರಾಧಿಕಾರ 2025ರ ಫೆಬ್ರವರಿಯಲ್ಲಿ ಸಲಹೆ ಕೊಟ್ಟಿದೆ. ಹಾಗಾಗಿ ಬ್ಯಾಟರಿ ಬರುವುದು ಬರುತ್ತದೆ, ಎಲ್ಲಿ ಇಡುತ್ತಾರೆ ಎಂಬುದರ ಮೇಲೆ ನೀವು ಹಿಡಿತ ಇಟ್ಟುಕೊಳ್ಳಬೇಕು.

ಬೆಂಕಿಯ ಭಯ ಸುಳ್ಳಲ್ಲ. ಲಿಥಿಯಂ ಸೆಲ್ ಒಂದು ಕೆಟ್ಟು ಕಾದರೆ ಪಕ್ಕದ್ದನ್ನು ಕಾಯಿಸುತ್ತದೆ, ಅದು ಅದರ ಪಕ್ಕದ್ದನ್ನು. ಹೊತ್ತುವ ವಿಷದ ಹೊಗೆ ಬರುತ್ತದೆ. 2025ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಮಾಸ್ ಲ್ಯಾಂಡಿಂಗ್‌ನಲ್ಲಿ ಹತ್ತಿದ ಬೆಂಕಿಗೆ ಸಾವಿರಕ್ಕೂ ಹೆಚ್ಚು ಜನ ಮನೆ ಬಿಡಬೇಕಾಯಿತು. ಅಲ್ಲಿ ಬ್ಯಾಟರಿಗಳನ್ನು ಹಳೆಯ ಟರ್ಬೈನ್ ಕಟ್ಟಡದೊಳಗೆ ಒತ್ತಾಗಿ ಜೋಡಿಸಿದ್ದರು, ಸೆಲ್‌ಗಳು ನಿಕ್ಕೆಲ್, ಮ್ಯಾಂಗನೀಸ್, ಕೋಬಾಲ್ಟ್ ಬಗೆಯವು. ಈಗ ಹೆಚ್ಚಾಗಿ ಬರುತ್ತಿರುವುದು ಲಿಥಿಯಂ ಐರನ್ ಫಾಸ್ಫೇಟ್. ಅದು ಅಷ್ಟು ಬೇಗ ಕೆರಳುವುದಿಲ್ಲ, ಬಯಲಲ್ಲಿ ಬಿಡಿಬಿಡಿಯಾಗಿ ಇಟ್ಟ ಕಂಟೇನರ್ ಒಂದು ಸುಟ್ಟರೂ ಉಳಿದದ್ದಕ್ಕೆ ಹಬ್ಬದಂತೆ ತಡೆಯಬಹುದು. ನಿಮ್ಮಲ್ಲಿ ಯಾವ ಬಗೆ ಎಂದು ಬರವಣಿಗೆಯಲ್ಲಿ ಕೇಳಿ.

ಆದರೂ ಊರ ಪಕ್ಕದ ತುಂಡು ನನಗೆ ಒಪ್ಪಿಗೆ ಇಲ್ಲ. ಅಲ್ಲಿ ಬಣವೆಗಳಿವೆ, ಮಕ್ಕಳು ಶಾಲೆಗೆ ನಡೆಯುತ್ತಾರೆ, ಕಂಟೇನರ್ ತಂಪು ಮಾಡುವ ಫ್ಯಾನು ರಾತ್ರಿಯೂ ಗುಯ್ಗುಡುತ್ತದೆ. ಮುಂಗಾರಿನ ಗಾಳಿ ನಿಮ್ಮ ಕಡೆ ಪಡುವಣದಿಂದ ಬೀಸುತ್ತದೆ. ಊರಿನ ಪಡುವಣಕ್ಕೆ ಬ್ಯಾಟರಿ ಬೇಡ. ಕುಡಿಯುವ ನೀರಿನ ಬಾವಿ, ಬೋರ್, ಹಳ್ಳದಿಂದ ದೂರ ಇರಲಿ, ಬೆಂಕಿಗೆ ಹೊಯ್ದ ನೀರು ಎಲ್ಲಿಗೆ ಹರಿಯುತ್ತದೆ ಎಂಬುದೂ ಲೆಕ್ಕಕ್ಕೆ ಬರಲಿ. ಅಗ್ನಿಶಾಮಕ ಗಾಡಿ ತಿರುಗುವಷ್ಟು ಅಗಲದ ದಾರಿ ಬೇಕು. ಜಾಗ ನಕ್ಷೆಯಲ್ಲಿ ಗುರುತಾಗಿ, ನಿಮ್ಮ ಒಪ್ಪಿಗೆ ಇಲ್ಲದೆ ಬದಲಾಗದು ಎಂದು ಕರಾರಿನಲ್ಲೇ ಇರಲಿ.

ಪ್ರಶ್ನೆ: ಸೋಲಾರ್ ಪ್ಯಾನೆಲ್ ಹಾಕಿದರೆ ಮೋಡ ಓಡಿಹೋಗುತ್ತದೆ, ಮಳೆ ಬರುವುದಿಲ್ಲ ಅನ್ನುತ್ತಾರೆ. ನಿಜವೇ?
– ಓದುಗರು, ಶಿರಾ

ಉತ್ತರ: ಮಳೆ ಓಡಿಹೋಗುತ್ತದೆ ಎನ್ನಲು ಆಧಾರ ಇಲ್ಲ. ಬಿಸಿ ಹೆಚ್ಚುತ್ತದೆ ಅನ್ನುವುದರಲ್ಲಿ ಸ್ವಲ್ಪ ನಿಜ ಇದೆ. ಅಮೆರಿಕದ ಅರಿಜೋನಾದ ಮರಳುಗಾಡಿನಲ್ಲಿ ಅಳೆದು 2016ರಲ್ಲಿ ಪ್ರಕಟಿಸಿದವರು, ಪ್ಯಾನೆಲ್‌ಗಳ ನಡುವೆ ರಾತ್ರಿ ಹೊತ್ತು ಸುತ್ತಲ ಬಯಲಿಗಿಂತ 3ರಿಂದ 4 ಡಿಗ್ರಿ ಹೆಚ್ಚು ಕಂಡರು. ಹಾಗಾಗಿ ಮನೆ, ದನದ ಕೊಟ್ಟಿಗೆಗೆ ಒತ್ತಿಕೊಂಡು ಪ್ಯಾನೆಲ್ ಬೇಡ, ನಡುವೆ ಬೇವು, ಹೊಂಗೆಯ ಸಾಲು ಕೇಳಿ.

ಪ್ರಶ್ನೆ: ನಮಗೆ ಜಮೀನಿಲ್ಲ. 60 ಕುರಿ ಇವೆ. ಸುಗ್ಗಿ ಆದ ಮೇಲೆ ಬೇರೆಯವರ ಹೊಲದಲ್ಲಿ ಮೇಯಿಸುತ್ತೇವೆ, ಮಂದೆ ಬಿಡುತ್ತೇವೆ. ಈಗ ಊರಿನ ಹೊಲವೆಲ್ಲಾ ಸೋಲಾರ್‌ಗೆ ಹೋಗುತ್ತದಂತೆ. ನಮಗೂ ಏನಾದರೂ ಕೊಡುತ್ತಾರಾ?
– ಓದುಗರು, ಮೊಳಕಾಲ್ಮೂರು ತಾಲೂಕು

ಉತ್ತರ: ನಿಮ್ಮ ಪತ್ರ ಓದಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ ತಮ್ಮಾ. ಬಾಡಿಗೆ ಪಹಣಿ ಇದ್ದವರಿಗೆ ಬರುತ್ತದೆ. ಪಾವಗಡದಲ್ಲೂ ಕೈ ಖಾಲಿ ಆದದ್ದು ಕೂಲಿಯವರದ್ದು, ಕುರಿಯವರದ್ದು. ಸೌರ ಯೋಜನೆಗೆ ಪರಿಸರ ಅನುಮತಿಯ ಸಾರ್ವಜನಿಕ ವಿಚಾರಣೆ ಕಡ್ಡಾಯ ಇಲ್ಲ, ಹಾಗಾಗಿ ನೀವು ಎದ್ದು ನಿಂತು ಮಾತಾಡಬಹುದಾದ ಜಾಗ ಗ್ರಾಮಸಭೆ ಒಂದೇ. ಅದನ್ನು ತಪ್ಪಿಸಿಕೊಳ್ಳಬೇಡಿ.

ಅಲ್ಲಿ ಎರಡು ಬೇಡಿಕೆ ಇಡಿ. ಒಂದು, ಪ್ಯಾನೆಲ್ ಕೆಳಗೆ ಕುರಿ ಮೇಯಲು ಲಿಖಿತ ಅನುಮತಿ. ಅಮೆರಿಕದಲ್ಲಿ ಹುಲ್ಲು ತೆಗೆಯಲು ಕಂಪನಿಗಳೇ ದುಡ್ಡು ಕೊಟ್ಟು ಕುರಿ ಕರೆಸುತ್ತವೆ. ಇಲ್ಲಿ ನಿಮ್ಮ ಮಂದೆ ಬಾಗಿಲಲ್ಲೇ ಇದೆ. ಅದಕ್ಕೆ ಪ್ಯಾನೆಲ್‌ನ ಕೆಳಅಂಚು ಕುರಿ ಬೆನ್ನಿಗಿಂತ ಮೇಲಿರಬೇಕು, ಕೇಬಲ್ ಜೋತಾಡಬಾರದು, ಕಳೆನಾಶಕ ಹೊಡೆಯಕೂಡದು. ಈಗಲೇ ಕೇಳದಿದ್ದರೆ ಕಂಬ ನೆಟ್ಟ ಮೇಲೆ ಎತ್ತರ ಬದಲಾಗದು. ಮೇಕೆ ಇದ್ದರೆ ಹೊರಗೇ ಇರಲಿ, ಅವು ಪ್ಯಾನೆಲ್ ಹತ್ತುತ್ತವೆ, ವೈರ್ ಕಡಿಯುತ್ತವೆ.

ಎರಡನೆಯದು ದಾರಿ. ಗೋಮಾಳ, ಹಳ್ಳ, ಬಂಡಿ ದಾರಿ ಯಾವ ರೈತರ ಸ್ವಂತದ್ದೂ ಅಲ್ಲ, ರೈತರು ಅವನ್ನು ಲೀಸ್ ಕೊಡುವಂತಿಲ್ಲ, ಬೇಲಿ ಅವನ್ನು ನುಂಗುವಂತಿಲ್ಲ. ಭೂಮಾಪನ ಇಲಾಖೆಯಿಂದ ಗ್ರಾಮ ನಕ್ಷೆ ತೆಗೆಸಿ. ನಿಮ್ಮ ಮಂದೆ ಹಟ್ಟಿಯಿಂದ ಕೆರೆಗೆ ದಿನಾ ನಡೆಯುವ ದಾರಿಯ ಮೇಲೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದು, ಒಂದು ಪ್ರತಿ ತಹಶೀಲ್ದಾರರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಇನ್ನೊಂದು ಪ್ರತಿ ಗ್ರಾಮಸಭೆಯ ನಡವಳಿ ಪುಸ್ತಕಕ್ಕೆ ಅಂಟಿಸಿಸಿ, ಅಂಟಿಸಿದ ಪುಟದ ಫೋಟೋ ನಿಮ್ಮ ಮೊಬೈಲಿನಲ್ಲಿ ಇಟ್ಟುಕೊಳ್ಳಿ.