ಮಗಳ ಚೀಟಿ ನನಗೆ ಓದಲು ಬರುವುದಿಲ್ಲ

ಮೊನ್ನೆ ಬೆಂಗಳೂರಿನಲ್ಲಿ ಮಕ್ಕಳ ಹಾಸ್ಟೆಲಿನ ಗೇಟಿನ ಹತ್ತಿರ ನೀವು ಕೇಳಿದಿರಿ, "ಕೇರಳದವರು ಅಂತೀರಿ, ಕನ್ನಡ ಇಷ್ಟು ಚೆನ್ನಾಗಿ ಎಲ್ಲಿ ಕಲಿತಿರಿ?" ನಾನು ನಕ್ಕು ಸುಮ್ಮನಾದೆ. ಬಸ್ಸಿಗೆ ಹೊತ್ತಾಗಿತ್ತು. ಗೇಟಿನ ಹತ್ತಿರ ನಿಂತು ಹೇಳಿ ಮುಗಿಸುವ ವಿಷಯವೂ ಅದಲ್ಲ. ಈಗ ಅಂಗಳದಲ್ಲಿ ಅಡಿಕೆ ಹರಡಿ, ಊಟ ಮುಗಿಸಿ ಕುಳಿತಿದ್ದೇನೆ. ಬರೆಯುತ್ತೇನೆ.

ಕಲಿತದ್ದಲ್ಲ ಮಾರಾಯ್ರೆ, ಹುಟ್ಟಿದ್ದೇ ಅದರಲ್ಲಿ. ನನ್ನ ತವರು ವಿಟ್ಲದ ಕಡೆ. ಅಂದರೆ ನಿಮ್ಮದೇ ರಾಜ್ಯ. ಮದುವೆಯಾಗಿ ಬಂದದ್ದು ಪೆರ್ಲದ ಹತ್ತಿರಕ್ಕೆ. ಅಡ್ಯನಡ್ಕ ದಾಟಿ, ಸಾರಡ್ಕ ದಾಟಿದರೆ ಕಾಸರಗೋಡು ಜಿಲ್ಲೆ. ಅಲ್ಲಿಯೂ ಹವ್ಯಕ ಭಾಷೆ, ಅಂದರೆ ನಮ್ಮ ಮನೆಯ ಕನ್ನಡ, ಇಲ್ಲಿಯೂ ಹವ್ಯಕ ಭಾಷೆ. ಅದೇ ಅಡಿಕೆ ತೋಟ, ಅದೇ ಕೆಂಪು ಮಣ್ಣು. ದಿಬ್ಬಣದ ವ್ಯಾನಿನಲ್ಲಿ ಯಾರಿಗೂ ಗಡಿ ಕಾಣಿಸಲಿಲ್ಲ. ನಾನು ಬೇರೆ ರಾಜ್ಯಕ್ಕೆ ಬಂದಿದ್ದೇನೆ ಅಂತ ನನಗೆ ಗೊತ್ತಾದದ್ದು ರೇಷನ್ ಕಾರ್ಡಿಗೆ ಹೆಸರು ಸೇರಿಸುವಾಗ. ಕೈಗೆ ಬಂದ ಮಲಯಾಳದ ಕಾಗದದಲ್ಲಿ ನನ್ನ ಹೆಸರು ಯಾವುದು ಅಂತಲೇ ಗೊತ್ತಾಗಲಿಲ್ಲ. ನಮ್ಮವರು ಬೆರಳಿಟ್ಟು ತೋರಿಸಿದರು.

ಮಕ್ಕಳಿಬ್ಬರೂ ಹುಟ್ಟಿದ್ದು ಪುತ್ತೂರಿನ ಆಸ್ಪತ್ರೆಯಲ್ಲಿ. ನಮ್ಮ ಕಡೆ ಅದೇ ವಾಡಿಕೆ. ಹೆರಿಗೆ, ದೊಡ್ಡ ಕಾಯಿಲೆ ಎಂದರೆ ಪುತ್ತೂರು ಇಲ್ಲವೇ ಮಂಗಳೂರು. ಹಾಗಾಗಿ ಅವರ ಜನನ ಪತ್ರ ಕರ್ನಾಟಕದ್ದು, ಆಧಾರಿನ ವಿಳಾಸ ಕೇರಳದ್ದು. ಯಾವ ಕಚೇರಿಗೆ ಹೋದರೂ ಮೊದಲ ಐದು ನಿಮಿಷ ಇದನ್ನು ವಿವರಿಸುವುದಕ್ಕೇ ಬೇಕು.

ಮಾವನಿಗೆ ಗಡಿ ಎಂದರೆ ಬೇರೆಯೇ ಕತೆ. ಅವರು ಚಿಕ್ಕವರಿದ್ದಾಗ ಇದೆಲ್ಲ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆ. 1956ರ ನವೆಂಬರ್ 1ಕ್ಕೆ ಮಂಗಳೂರು ಮೈಸೂರು ರಾಜ್ಯಕ್ಕೆ ಹೋಯಿತು, ಕಾಸರಗೋಡು ಕೇರಳಕ್ಕೆ ಬಂತು. ಚಂದ್ರಗಿರಿ ಹೊಳೆಯ ಬಡಗು ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ 1967ರಲ್ಲಿ ಮಹಾಜನ ಆಯೋಗ ಹೇಳಿತು. ನಮ್ಮ ಮನೆ ಹೊಳೆಯ ಬಡಗಿನಲ್ಲೇ ಉಂಟು. ಆದರೆ ವರದಿ ವರದಿಯಾಗಿಯೇ ಉಳಿಯಿತು. ಈಗಲೂ ಟಿವಿಯಲ್ಲಿ ಯಾರಾದರೂ ಮಹಾಜನ ವರದಿ ಎಂದರೆ ಮಾವ ಈಸಿಚೇರಿನಲ್ಲಿ ನೆಟ್ಟಗೆ ಕೂರುತ್ತಾರೆ.

ನವೆಂಬರ್ 1 ನಿಮಗೆ ರಾಜ್ಯೋತ್ಸವ. ನನ್ನ ಮಗಳ ಶಾಲೆಯಲ್ಲಿ ಅದೇ ದಿನ ಕೇರಳ ಪಿರವಿ, ಅಂದರೆ ಕೇರಳ ಹುಟ್ಟಿದ ದಿನ. ಹಿಂದಿನ ರಾತ್ರಿಯೇ ಅವಳ ಜರಿ ಅಂಚಿನ ಬಿಳಿ ಸೀರೆಗೆ ಇಸ್ತ್ರಿ ಹಾಕುವವಳು ನಾನೇ. ಬೆಳಿಗ್ಗೆ ತಲೆಗೆ ಮಲ್ಲಿಗೆ ಮುಡಿಸಿ ಕಳಿಸುತ್ತೇನೆ. ಮಾವ ಆ ದಿನ ಪೇಟೆಗೆ ಹೋಗುವುದಿಲ್ಲ. ಆದರೆ ಮೊಮ್ಮಗಳು ಸೀರೆ ಉಟ್ಟು ಬಂದು ನಿಂತರೆ, "ಚೆಂದ ಕಾಣ್ತು" ಅನ್ನುತ್ತಾರೆ. ಅಷ್ಟರಲ್ಲಿ ಬಸ್ ಬರುತ್ತದೆ.

ಇನ್ನು ನಮ್ಮ ನೆರೆಕರೆ. ಇಲ್ಲಿ ಭಾಷೆ ಇರುವುದು ಊರಿಗಲ್ಲ, ಒಬ್ಬೊಬ್ಬ ಮನುಷ್ಯರಿಗೆ. ಕೆಳಗಿನ ಮನೆಯ ಅಕ್ಕನ ಹತ್ತಿರ ತುಳು. ಸಿಕ್ಕಿದ ಕೂಡಲೇ "ಒಣಸ್ ಆಂಡಾ?" ಪಕ್ಕದ ಮುಸ್ಲಿಂ ಮನೆಯ ಅಜ್ಜಿಯನ್ನು ನಾವು ಉಮ್ಮ ಅನ್ನುವುದು, ಅವರ ಸೊಸೆಯ ಹತ್ತಿರ ಮಲಯಾಳ. ಅವಳು ಕೇಳುವುದು "ಚೋರ್ ಬೆಯ್ಚಾ?" ಎರಡೂ ಊಟ ಆಯಿತಾ ಅಂತಲೇ. ಈ "ಬೆಯ್ಚಾ" ಮಗಳ ಪುಸ್ತಕದಲ್ಲಿ ಇಲ್ಲ. ಅವಳು ಶಾಲೆಯಲ್ಲಿ ಕಲಿಯುವ ಮಲಯಾಳವೇ ಬೇರೆ, ಬೇಲಿ ಹತ್ತಿರ ಆಡುವ ಮಲಯಾಳವೇ ಬೇರೆ. ನನಗೆ ಬರುವುದು ಬೇಲಿಯದ್ದು ಮಾತ್ರ. ಪಿಟಿಎ ಮೀಟಿಂಗಿನಲ್ಲಿ ನಾನು ಬಾಯಿ ತೆರೆದರೆ ಮಗಳು ತಲೆ ತಗ್ಗಿಸುತ್ತಾಳೆ.

ತಮಾಷೆಯೂ ಆಗುತ್ತದೆ. ಒಮ್ಮೆ ಅಲ್ಲಿಯ ಟೀಚರಿಗೆ ನಾನು, "ಮಕ್ಕಳ ಪಟ್ಟಿ ಕಳಿಸಿ, ಪಾಯಸಕ್ಕೆ ಲೆಕ್ಕ ಬೇಕು" ಅಂದೆ. ಅವರು ತೆಂಕಿನಿಂದ ಬಂದವರು. ಮಲಯಾಳದಲ್ಲಿ ಪಟ್ಟಿ ಎಂದರೆ ನಾಯಿ. ಅವರ ಮುಖ ನೋಡಬೇಕಿತ್ತು ನೀವು.

ಎಲ್ಲ ಭಾಷೆ ಒಟ್ಟಿಗೆ ಕೇಳಬೇಕಾದರೆ ಹಪ್ಪಳದ ದಿನ ಬರಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಬೆಳೆದ ಹಲಸಿನಕಾಯಿ ಕೊಯ್ದು, ಸೊಳೆ ಬಿಡಿಸಿ, ಬೇಯಿಸಿ, ಉಪ್ಪು ಮೆಣಸು ಹಾಕಿ ಕಡೆಯುವುದು. ಬಿಸಿ ಆರುವ ಮೊದಲೇ ಉಂಡೆ ಮಾಡಿ ಒತ್ತಬೇಕು. ಒಬ್ಬಳ ಕೈಯಲ್ಲಿ ಆಗುವ ಕೆಲಸ ಅಲ್ಲ. ತುಳು ಅಕ್ಕ ಮಣೆ ಹಿಡಿದುಕೊಂಡು ಬರುತ್ತಾರೆ. ಉಮ್ಮನ ಸೊಸೆ ಪ್ಲಾಸ್ಟಿಕ್ ಹಾಳೆಗೆ ಎಣ್ಣೆ ಹಚ್ಚುತ್ತಾಳೆ. ಒಬ್ಬರು ಪೆಲಕಾಯಿ ಅಂತಾರೆ, ಒಬ್ಬರು ಚಕ್ಕ ಅಂತಾರೆ. ಮಾತು ತುಳುವಿನಲ್ಲಿ ಶುರುವಾಗಿ, ಮಲಯಾಳದಲ್ಲಿ ತಿರುಗಿ, ಯಾರದ್ದೋ ಸೊಸೆಯ ವಿಷಯಕ್ಕೆ ಬಂದಾಗ ಎಲ್ಲರೂ ಸ್ವರ ತಗ್ಗಿಸುತ್ತಾರೆ. ಮಧ್ಯೆ ಒಂದು ಮಳೆಯ ಮೋಡ ಕಂಡರೆ ಮಾತೆಲ್ಲ ನಿಂತು, ಚಾಪೆ ಎತ್ತಿಕೊಂಡು ಒಳಗೆ ಓಟ.

ಆದರೆ ಎಲ್ಲ ಸಕ್ಕರೆ ಅಂದುಕೊಳ್ಳಬೇಡಿ. ಅತ್ತೆ ಇದ್ದಾಗ ಉಮ್ಮನ ಮನೆಯಿಂದ ಹಲಸು, ಬಾಳೆಗೊನೆ ಬರುತ್ತಿತ್ತು. ಬೇಯಿಸಿದ್ದು ಬರುತ್ತಿರಲಿಲ್ಲ. ಅವರು ಕೊಡುತ್ತಲೂ ಇರಲಿಲ್ಲ, ನಾವು ಕೇಳುತ್ತಲೂ ಇರಲಿಲ್ಲ. ಈಗ ಮಗಳು ಅಲ್ಲೇ ಕೂತು ಪತ್ತಿರಿ, ಅಂದರೆ ಅವರ ಅಕ್ಕಿ ರೊಟ್ಟಿ, ತಿಂದು ಬರುತ್ತಾಳೆ. ಕೈಯಲ್ಲಿ ಕಾಯಿಹಾಲಿನ ಪರಿಮಳ ಇರುತ್ತದೆ. ಅವಳು ಹೇಳುವುದಿಲ್ಲ, ನಾನು ಕೇಳುವುದಿಲ್ಲ. ಮಾವನಿಗೂ ಗೊತ್ತುಂಟು ಅಂತ ನನ್ನ ಗುಮಾನಿ.

ನೀರು ಮಾತ್ರ ಮೊದಲಿನಿಂದಲೂ ಒಂದೇ. ನಮ್ಮಲ್ಲಿ ಸುರಂಗ ಅಂತ ಉಂಟು. ಗುಡ್ಡದ ಬದಿಗೆ, ಮುರಕಲ್ಲಿನ ಒಳಗೆ ಅಡ್ಡವಾಗಿ ಕೊರೆದ ಗುಹೆಯ ಹಾಗಿನದ್ದು. ಒಳಗೆ ಜಿನುಗುವ ನೀರು ತಾನಾಗಿ ಹರಿದು ಬರುತ್ತದೆ, ಪಂಪು ಬೇಡ. ಸುರಂಗದ ಬಾಯಿ ನಮ್ಮ ಜಾಗದಲ್ಲಿ. ಒಂದು ಪೈಪು ನಮ್ಮ ಟಾಂಕಿಗೆ, ಒಂದು ಉಮ್ಮನ ಮನೆಗೆ. ಏಪ್ರಿಲಿನಲ್ಲಿ ನೀರು ಹೆಬ್ಬೆರಳಷ್ಟು ಸಣ್ಣಗಾದಾಗ ಎರಡು ಮನೆಯ ಗಂಡಸರ ಮಾತೂ ಸಣ್ಣಗಾಗುತ್ತದೆ. ಮಳೆ ಬಿದ್ದ ಮೇಲೆ ಸರಿಹೋಗುತ್ತದೆ.

ಹೊರಗಿನವರು ಎಣ್ಮಕಜೆ ಪಂಚಾಯತು ಎಂದ ಕೂಡಲೇ ಎಂಡೋಸಲ್ಫಾನ್ ಎಂಬ ಕೀಟನಾಶಕದ ಬಗ್ಗೆ ಕೇಳುತ್ತಾರೆ. ಹೌದು, ಅದಕ್ಕೆ ಸುದ್ದಿಯಾದ ಪಡ್ರೆ, ಸ್ವರ್ಗ ಎಂಬ ಊರುಗಳೆಲ್ಲ ನಮ್ಮ ಪಂಚಾಯತೇ. ಗೇರು ತೋಟದ ಮೇಲೆ ಹೆಲಿಕಾಪ್ಟರಿನಿಂದ ಮದ್ದು ಬಿಡುತ್ತಿದ್ದದ್ದು ನಿಂತು ಎಷ್ಟೋ ವರ್ಷವಾಯಿತು. ಅದರಿಂದ ನರಳಿದ ಮಕ್ಕಳನ್ನು ಎತ್ತಿಕೊಂಡೇ ಮುದುಕಿಯರಾದ ತಾಯಂದಿರು ಇಲ್ಲಿದ್ದಾರೆ. ಅವರ ವಿಷಯವನ್ನು ನಾನು ಇಲ್ಲಿ ನಾಲ್ಕು ಸಾಲಿನಲ್ಲಿ ಬರೆಯುವುದು ಸರಿಯಲ್ಲ.

ಗಡಿ ನಿಜವಾಗಿ ಕಣ್ಣಿಗೆ ಕಂಡದ್ದು 2020ರ ಮಾರ್ಚಿನಲ್ಲಿ. ಕೊರೋನಾ ಅಂತ ರಸ್ತೆಗೆ ಮಣ್ಣು ಸುರಿದರು. ನನ್ನ ತವರಿಗೆ ಹೋಗುವ ದಾರಿಗೆ ಗೋಡೆ ಬಂದ ಹಾಗಾಯಿತು. ಹತ್ತಿರದ ಊರಿನಲ್ಲಿರುವ ಅಮ್ಮನನ್ನು ವೀಡಿಯೊ ಕಾಲಿನಲ್ಲಿ ನೋಡಿದೆ, ದುಬೈಯಲ್ಲಿರುವ ಮಗನನ್ನು ಉಮ್ಮ ನೋಡುವ ಹಾಗೆ. ಮಂಗಳೂರಿಗೆ ಹೋಗಬೇಕಾದ ರೋಗಿಗಳು ಗಡಿಯ ತಲಪಾಡಿಯಲ್ಲಿ ಸಿಕ್ಕಿಬಿದ್ದರು. ಕೆಲವರು ಉಳಿಯಲಿಲ್ಲ. ಆ ದಿನಗಳಲ್ಲಿ ಮಾವ ಮಹಾಜನ ವರದಿಯ ಮಾತು ಎತ್ತಲಿಲ್ಲ.

ಚಿಕ್ಕ ಗಡಿಗಳೂ ಉಂಟು. ನಿಮ್ಮ ಮಕ್ಕಳಿಗೆ ದಸರಾ ರಜೆ, ನಮ್ಮ ಮಕ್ಕಳಿಗೆ ಓಣಂ ರಜೆ. ವಿಟ್ಲದ ಅಣ್ಣನ ಮಕ್ಕಳು ಬರುವಾಗ ಇವಳಿಗೆ ಶಾಲೆ. ಇವಳು ಹೋಗುವಾಗ ಅವರಿಗೆ ಶಾಲೆ. ಸೋದರತ್ತೆ, ಸೋದರಮಾವನ ಮಕ್ಕಳು ಅಂತ ಒಟ್ಟಿಗೆ ಆಡಿದ್ದು ಬೇಸಿಗೆಯಲ್ಲಿ ಮಾತ್ರ.

ಈಗ ನಿಜವಾಗಿ ಹೇಳಬೇಕಾದ ವಿಷಯಕ್ಕೆ ಬರುತ್ತೇನೆ. ಮಗ ಓದಿದ್ದು ಕನ್ನಡ ಮೀಡಿಯಮ್ಮಿನಲ್ಲಿ. ಕೇರಳ ಸರಕಾರದ್ದೇ ಪಾಠ, ಭಾಷೆ ಕನ್ನಡ. ಅವನು ಹೈಸ್ಕೂಲಿನಲ್ಲಿದ್ದಾಗ ಗಣಿತಕ್ಕೆ ಕನ್ನಡ ಬಾರದ ಟೀಚರೊಬ್ಬರು ಬಂದರು. ಪಾಪ, ಅವರ ತಪ್ಪಲ್ಲ, ಕೆಲಸ ಸಿಕ್ಕಿತು, ಬಂದರು. ಮಕ್ಕಳಿಗೆ ಅವರ ಮಾತು ಅರ್ಥ ಆಗುತ್ತಿರಲಿಲ್ಲ, ಅವರಿಗೆ ಮಕ್ಕಳ ಪ್ರಶ್ನೆ ಅರ್ಥ ಆಗುತ್ತಿರಲಿಲ್ಲ. ನಾವು ಹೆತ್ತವರು ಹೋಗಿ ಗಲಾಟೆ ಮಾಡಿದೆವು, ಅರ್ಜಿ ಕೊಟ್ಟೆವು. ಬೇರೆಯವರು ಬರುವಷ್ಟರಲ್ಲಿ ವರ್ಷ ಮುಗಿಯುತ್ತಾ ಬಂದಿತ್ತು. ರಾತ್ರಿ ಮಗನಿಗೆ ನಾನೇ ಬೀಜಗಣಿತ ಹೇಳಿಕೊಟ್ಟೆ, ನನಗೆ ಬಂದಷ್ಟು.

ಅದೇ ವರ್ಷ ಮಗಳನ್ನು ಒಂದನೇ ಕ್ಲಾಸಿಗೆ ಸೇರಿಸಬೇಕಿತ್ತು. ನಾನು ಇಂಗ್ಲಿಷ್ ಮೀಡಿಯಮ್ಮಿಗೆ ಸೇರಿಸಿದೆ. ಅಲ್ಲಿ ಭಾಷೆ ಅಂತ ಇದ್ದದ್ದು ಮಲಯಾಳ. ಯಾರೂ ಒತ್ತಾಯ ಮಾಡಲಿಲ್ಲ. ಫಾರ್ಮಿಗೆ ಸೈನ್ ಹಾಕಿದ್ದು ನಾನು. ಮಾವ ಏನೂ ಅನ್ನಲಿಲ್ಲ, ಎರಡು ದಿನ ನನ್ನ ಕೈಯ ಕಾಫಿ ಮಾತ್ರ ಅರ್ಧ ಬಿಟ್ಟರು.

ಕಳೆದ ತಿಂಗಳು ಅವಳ ಹತ್ತಿರ ಅಂಗಡಿ ಸಾಮಾನಿನ ಚೀಟಿ ಬರೆಸಿದೆ. ನಾನು ದೋಸೆ ಹೊಯ್ಯುತ್ತಾ ಹೇಳಿದೆ, ಅವಳು ಬರೆದಳು. ಪೆರ್ಲದ ಅಂಗಡಿಯಲ್ಲಿ ಬಿಡಿಸಿ ನೋಡಿದರೆ ಎಲ್ಲ ಮಲಯಾಳ ಅಕ್ಷರ. ಅಂಗಡಿಯವರ ಕೈಗೆ ಕೊಟ್ಟೆ. ಅವರು ಗಟ್ಟಿಯಾಗಿ ಓದಿದರು, "ಉದ್ದು ಎರಡು ಕಿಲೊ, ಮೆಂತೆ, ಕೊತ್ತಂಬರಿ, ಬೆಲ್ಲ." ಉಲುವ ಅಂತ ಬರೆದಿಲ್ಲ, ಮೆಂತೆ ಅಂತಲೇ ಬರೆದಿದ್ದಾಳೆ. ಮಾತು ಅಡುಗೆಮನೆಯದ್ದೇ, ನನ್ನದೇ. ನನಗೆ ಮಾತ್ರ ಓದಲು ಬರುವುದಿಲ್ಲ. ದುಡ್ಡು ಕೊಟ್ಟು, ಚೀಟಿಯನ್ನು ಕೇಳಿ ವಾಪಸ್ ತೆಗೆದುಕೊಂಡೆ. ಯಾಕೆ ಅಂತ ಅಂಗಡಿಯವರಿಗೆ ಗೊತ್ತಾಗಲಿಲ್ಲ.

ನಿಮ್ಮ ಮಗನ ರೂಮಿನಲ್ಲಿ ನನ್ನ ಮಗ ಇದ್ದಾನಲ್ಲ, ಅವನಿಗೆ ಅಲ್ಲಿ ಸೀಟು ಸಿಕ್ಕಿದ್ದು ಗಡಿನಾಡ ಕನ್ನಡಿಗರ ಲೆಕ್ಕದಲ್ಲಿ. ಅದಕ್ಕೆ ಕನ್ನಡದ ಪರೀಕ್ಷೆ ಬರೆಯಬೇಕು. ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಆಡದವನು ಕನ್ನಡ ಬರುತ್ತದೆ ಅಂತ ತೋರಿಸಲು ಬೆಂಗಳೂರಿಗೆ ಹೋದ. ಆಗ ನಾವೆಲ್ಲ ನಕ್ಕಿದ್ದೆವು. ಮಗಳ ಸರದಿ ಬರುವಾಗ ನಗು ಬರಲಿಕ್ಕಿಲ್ಲ.

ಈ ಚೀಟಿಯ ವಿಷಯ ನಾನು ಹೇಳಿದ್ದು ಉಮ್ಮನಿಗೆ. ಉಮ್ಮನಿಗೆ ಎಂಬತ್ತರ ಹತ್ತಿರ. 1956ರಲ್ಲಿ ಅವರು ಮೂರನೇ ಕ್ಲಾಸು. ರಾಜ್ಯ ಬದಲಾದರೂ ಶಾಲೆ ಬದಲಾಗಲಿಲ್ಲ, ನಾಲ್ಕರವರೆಗೆ ಓದಿದ್ದು ಕನ್ನಡದಲ್ಲಿ. ಮನೆಮಾತು ಮಲಯಾಳ, ಓದಲು ಬರುವುದು ಕನ್ನಡ. ಮಂಗಳೂರಿನ ಪೇಪರು ನಮ್ಮಲ್ಲಿಗೆ ಬಂದರೆ ಮಾವ ಓದಿ ಮುಗಿಸಿ, ಮಧ್ಯಾಹ್ನಕ್ಕೆ ಅದು ಬೇಲಿ ದಾಟುತ್ತದೆ. ಉಮ್ಮ ಕನ್ನಡಕ ಹಾಕಿ ಮೊದಲು ತೀರಿಹೋದವರ ಫೋಟೊ ನೋಡುತ್ತಾರೆ, ಮತ್ತೆ ಅಡಿಕೆ ರೇಟು. ಅವರ ಮೊಮ್ಮಗಳಿಗೆ ಅದರಲ್ಲಿ ಒಂದಕ್ಷರ ಓದಲು ಬರುವುದಿಲ್ಲ. ಆ ಮೊಮ್ಮಗಳೇ ನನಗೆ ಪಂಚಾಯತಿನ ನೋಟಿಸು ಓದಿ ಹೇಳುವುದು.

"ಪೇಪರು ನಿನ್ನ ಮಗಳ ಕೈಯಲ್ಲೇ ಕಳಿಸು ಮೋಳೇ" ಅಂದರು ಉಮ್ಮ.

ಶನಿವಾರದಿಂದ ಹಾಗೆಯೇ ಮಾಡಿದೆ. ದೊಡ್ಡ ಅಕ್ಷರದ ಹೆಡ್ಡಿಂಗ್ ಓದದೆ ಪತ್ತಿರಿ ಇಲ್ಲ ಅಂತ ಅಲ್ಲಿ ಕಾನೂನಾಯಿತು. ಸಂಜೆ ಶಾಲೆ ಬಿಟ್ಟು ಬಂದ ಮೇಲೆ ಬೇಲಿಯ ಆಚೆಯಿಂದ ಕೇಳಿಸುತ್ತಿತ್ತು, ಒತ್ತಕ್ಷರ ಬಂದಲ್ಲೆಲ್ಲ ಮಗಳು ಎಡವುವುದು, ಉಮ್ಮ ಬಯ್ಯುವುದು. ಬಯ್ಗುಳ ಮಲಯಾಳದಲ್ಲಿ. ಒಂದು ವಾರ ನಡೆಯಿತು. ಮತ್ತೆ ಕ್ರಿಸ್ಮಸ್ ಪರೀಕ್ಷೆ ಬಂತು, ನಿಂತಿತು. ಈಗ ಪೇಪರು ನಾನೇ ಕೊಂಡುಹೋಗುತ್ತೇನೆ.

ಅಡಿಕೆ ತಿರುವಿ ಹಾಕುವ ಹೊತ್ತಾಯಿತು. ಬೇಸಿಗೆ ರಜೆಯಲ್ಲಿ ನೀವು ಬನ್ನಿ, ಮಕ್ಕಳನ್ನೂ ಕರೆತನ್ನಿ. ಪುತ್ತೂರಿನಿಂದ ಬರುವ ಬಸ್ಸಿನಲ್ಲಿ ಪೆರ್ಲ ಅಂತ ಟಿಕೆಟ್ ಕೇಳಿ. ಕಂಡಕ್ಟರ ಹತ್ತಿರ ಹಿಂದಿ, ಇಂಗ್ಲಿಷ್ ಎಲ್ಲ ಬೇಡ, ಕನ್ನಡವೇ ಸಾಕು. ಹಪ್ಪಳ ಒತ್ತುವ ದಿನವೇ ಬಂದರೆ ಕೆಲಸ ಉಂಟು, ಈಗಲೇ ಹೇಳಿದ್ದೇನೆ.